ತೂತು ಮೂರು, ವೈರ್ ಎರಡು

ನಮ್ಮೂರ ಪ್ರೌಢಶಾಲೆಗೆ 50 ವರ್ಷ ತುಂಬಿತು ಅಂತ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಊರಲ್ಲಿ ಕನ್ನಡ ಟೈಪಿಂಗ್ ಬರುವವನು ನಾನೊಬ್ಬನೇ, ಹಾಗಾಗಿ ಆ ಕೆಲಸ ನನ್ನ ತಲೆಗೆ ಬಂತು. ದೇಣಿಗೆ ಪಟ್ಟಿಯ ಪ್ರೂಫ್ ಕೊಟ್ಟ ಮಾರನೇ ದಿನವೇ ಫೋನ್. 1500 ಕೊಟ್ಟವರ ಹೆಸರಿನ ಮುಂದೆ 150 ಬಂದಿದೆ. ಅವರ ಮೇಲಿನ ಸಾಲಲ್ಲಿ 500 ಕೊಟ್ಟ ರಿಟೈರ್ಡ್ ಮೇಷ್ಟ್ರ ಮುಂದೆ 5000! "ನನ್ನ ಸೊನ್ನೆ ತಗೊಂಡು ಮೇಷ್ಟ್ರಿಗೆ ಕೊಟ್ಯಲ್ಲೋ ಮಾರಾಯ" ಅಂದರು.

ನಾನು ಒತ್ತಿದ್ದು ಸರಿಯಾಗಿಯೇ ಇತ್ತು. ಕೊನೆಯ ಸೊನ್ನೆ ಒತ್ತುವಷ್ಟರಲ್ಲಿ ಕರ್ಸರ್ ಮೇಲಿನ ಸಾಲಿಗೆ ಹಾರಿತ್ತು. ಹಾಗಂತ ಹೇಳಿದರೆ ಯಾರು ನಂಬ್ತಾರೆ?

ಈ ಹಾರಾಟ ತಿಂಗಳಿಂದ ಇತ್ತು. ಕನ್ನಡದಲ್ಲಿ ಇದರ ಕಾಟ ಜಾಸ್ತಿ. ನಾನು ಬಳಸುವುದು ಕಗಪ ಕೀಲಿಮಣೆ. ಅದರಲ್ಲಿ 'ಪ್ರ' ಬರೆಯಲು ಪ, ಅರ್ಧಾಕ್ಷರ ಮಾಡುವ ಕೀಲಿ, ಆಮೇಲೆ ರ, ಹೀಗೆ ಮೂರು ಸಲ ಒತ್ತಬೇಕು. ನಡುವೆ ಕರ್ಸರ್ ಹಾರಿತು ಅಂದ್ರೆ 'ಪ್' ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಒಮ್ಮೆ ತಲೆ ಎತ್ತಿ ನೋಡಿದರೆ ಸ್ಕ್ರೀನಿನ ಮೇಲೆ 'ದೇಣಿರೌಢಶಾಲೆಗೆ' ಅಂತಿದೆ. ದೇಣಿಗೆಯ ಹೊಟ್ಟೆಯೊಳಗೆ ಶಾಲೆ! ಕಾಗುಣಿತದ ಚಿಹ್ನೆ ಮಾತ್ರ ಹಾರಿ ಖಾಲಿ ಜಾಗಕ್ಕೆ ಬಿದ್ದರೆ, ಪಾಪ, ಅದು ಚುಕ್ಕಿ ಚುಕ್ಕಿ ವೃತ್ತವೊಂದಕ್ಕೆ ನೇತುಬಿದ್ದು ಕೂರುತ್ತದೆ.

ಎಲ್ಲರೂ ಮೊದಲು ಹೇಳುವುದು ಅಂಗೈ ತಗಲುತ್ತದೆ ಅಂತ. ಅದು ಸುಳ್ಳಲ್ಲ. ಟೈಪ್ ಮಾಡುವ ಜಾಗದಲ್ಲಿ ಮಿನುಗುವ ಗೆರೆಯೇ ಬೇರೆ, ಮೌಸಿನ ಬಾಣವೇ ಬೇರೆ. ಬಾಣ ಎಲ್ಲಿ ಅಲೆದಾಡಿದರೂ ಗೆರೆ ಕದಲುವುದಿಲ್ಲ. ಆದರೆ ಸ್ಪೇಸ್ ಒತ್ತುವಾಗ ಹೆಬ್ಬೆರಳಿನ ಬುಡ ಕೀಲಿಗಳ ಕೆಳಗಿರುವ ಟಚ್‌ಪ್ಯಾಡಿಗೆ ತಾಗಿತೋ, ಲ್ಯಾಪ್‌ಟಾಪ್ ಅದನ್ನು ಕ್ಲಿಕ್ ಅಂದುಕೊಳ್ಳುತ್ತದೆ. ಬಾಣ ಎಲ್ಲಿ ನಿಂತಿದೆಯೋ ಗೆರೆ ಅಲ್ಲಿಗೆ ಹೋಗಿ ಕೂರುತ್ತದೆ.

ಅದಕ್ಕೇ ಮದ್ದು ಹುಡುಕಿದೆ. ನನ್ನದು ವಿಂಡೋಸ್ 11. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆ್ಯಂಡ್ ಡಿವೈಸಸ್, ಅದರೊಳಗೆ ಟಚ್‌ಪ್ಯಾಡ್, ಅಲ್ಲಿ ಟ್ಯಾಪ್ಸ್. ಸೆನ್ಸಿಟಿವಿಟಿ 'ಮೀಡಿಯಂ' ಇತ್ತು, 'ಲೋ' ಮಾಡಿದೆ. ಹಾರಾಟ ಕಮ್ಮಿಯಾಯಿತೇ ಹೊರತು ನಿಲ್ಲಲಿಲ್ಲ. ಕೈಯನ್ನು ಹಾರ್ಮೋನಿಯಂ ನುಡಿಸುವವರ ಹಾಗೆ ಎತ್ತಿ ಹಿಡಿದೆ. ಆಗಲೂ ಹಾರಿತು. ಇಷ್ಟಾದ ಮೇಲೆ ಅಂಗೈಯನ್ನು ಬೈದು ಪ್ರಯೋಜನ ಇಲ್ಲ ಅಲ್ವಾ?

ಬ್ಯಾಟರಿ ಉಬ್ಬಿ ಟಚ್‌ಪ್ಯಾಡನ್ನು ಅಡಿಯಿಂದ ಒತ್ತುವುದೂ ಉಂಟು. ಸಪಾಟಾದ ಮೇಜಿನ ಮೇಲಿಟ್ಟು ನೋಡಿದೆ, ಲ್ಯಾಪ್‌ಟಾಪ್ ಅಲುಗಾಡಲಿಲ್ಲ. ಟಚ್‌ಪ್ಯಾಡೂ ಮೇಲೆ ಎದ್ದಿರಲಿಲ್ಲ. ಎದ್ದಿದ್ದರೆ ನೀವು ಮುಂದೆ ಓದುವುದೇ ಬೇಡ, ಆಫ್ ಮಾಡಿ ರಿಪೇರಿಯವರ ಹತ್ತಿರ ಒಯ್ಯಿರಿ. ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯ ಇದೆ.

ಕೊನೆಗೆ ಸುಳಿವು ಕೊಟ್ಟದ್ದು ಕರೆಂಟು. ಒಂದು ಸಂಜೆ ಹೋಯಿತು. ಬ್ಯಾಟರಿಯಲ್ಲೇ ಒಂದು ಗಂಟೆ ಟೈಪ್ ಮಾಡಿದೆ, ಹಳೆಯ ವಿದ್ಯಾರ್ಥಿಗಳ ಎರಡು ಲೇಖನ ಮುಗಿಯಿತು. ಒಂದು ಸಲವೂ ಹಾರಲಿಲ್ಲ. ಕರೆಂಟ್ ಬಂದು ಐದು ನಿಮಿಷ ಆಗಿರಲಿಲ್ಲ, ಕರ್ಸರ್ ಮೂರು ಸಾಲು ಮೇಲೆ! ಚಾರ್ಜರ್ ಕಿತ್ತೆ, ನಿಂತಿತು. ಹಾಕಿದೆ, ಶುರುವಾಯಿತು. ಲ್ಯಾಪ್‌ಟಾಪಿನ ಲೋಹದ ಮೈಮೇಲೆ ಬೆರಳ ಹಿಂಬದಿ ಮೆಲ್ಲಗೆ ಸವರಿದರೆ ಜುಂ ಅನ್ನುತ್ತಿತ್ತು. ಆ ಜುಮ್ಮು ಎಷ್ಟೋ ದಿನದಿಂದ ಇತ್ತು. ಹಳೇ ಲ್ಯಾಪ್‌ಟಾಪು, ಇದ್ದದ್ದೇ ಅಂತ ಸುಮ್ನಿದ್ದೆ.

ಅಣ್ಣನ ಮಗ ಐಟಿಐ ಎಲೆಕ್ಟ್ರಿಷಿಯನ್. ಬಂದವನು ಲ್ಯಾಪ್‌ಟಾಪ್ ಮುಟ್ಟಲೇ ಇಲ್ಲ. "ಚಿಕ್ಕಪ್ಪ, ಈ ಎಕ್ಸ್‌ಟೆನ್ಷನ್ ಬೋರ್ಡ್ ಯಾರು ಮಾಡಿದ್ದು?" ಅಂದ. ಪ್ಲಗ್ ಕಿತ್ತು, ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿ ಮಗುಚಿ ತೋರಿಸಿದ. ಮೇಲಿಂದ ನೋಡಿದರೆ ಸಾಕೆಟ್ಟಿಗೆ ಮೂರು ತೂತು. ಒಳಗೆ ಬಂದಿರುವ ವೈರ್ ಎರಡೇ, ಒಂದು ಕೆಂಪು, ಒಂದು ಕಪ್ಪು. ಮೇಲಿನ ದೊಡ್ಡ ತೂತಿನ ಹಿಂದಿದ್ದ ಹಿತ್ತಾಳೆ ತುಂಡಿಗೆ ಏನನ್ನೂ ಸೇರಿಸಿರಲಿಲ್ಲ. ಅದರ ಸ್ಕ್ರೂ ಹೊಸದರ ಹಾಗೆ ಹೊಳೆಯುತ್ತಿತ್ತು. ನನ್ನ ಚಾರ್ಜರಿನ ದಪ್ಪ ಪಿನ್ನು ಇಷ್ಟು ದಿನ ಗಾಳಿಗೆ ಅರ್ಥಿಂಗ್ ಮಾಡುತ್ತಿತ್ತು.

ಟಚ್‌ಪ್ಯಾಡ್ ಬೆರಳಿನ ಭಾರವನ್ನು ಅಳೆಯುವುದಿಲ್ಲ. ಅದರೊಳಗೆ ಸಣ್ಣ ತಂತಿಗಳ ಬಲೆ ಇದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ತಿನಲ್ಲಿ ಆಗುವ ಚೂರು ವ್ಯತ್ಯಾಸವನ್ನು ಅದು ಹಿಡಿಯುತ್ತದೆ. ಚಾರ್ಜರ್ ಒಳಗೆ ಹುಟ್ಟುವ ವಿದ್ಯುತ್ತಿನ ಗದ್ದಲ ದಪ್ಪ ಪಿನ್ನಿನ ಮೂಲಕ ಭೂಮಿಗೆ ಇಳಿಯಬೇಕು. ದಾರಿ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಆಗ ಬೆರಳು ಯಾವುದು, ಗದ್ದಲ ಯಾವುದು ಅಂತ ಟಚ್‌ಪ್ಯಾಡಿಗೆ ಗೊತ್ತಾಗುವುದಿಲ್ಲ. ಅಗ್ಗದ ಚಾರ್ಜರ್ ಹಾಕಿದಾಗ ಮೊಬೈಲ್ ಸ್ಕ್ರೀನ್ ತನ್ನಷ್ಟಕ್ಕೆ ಕುಣಿಯುವುದನ್ನು ನೋಡಿದ್ದೀರಲ್ಲ, ಅದೇ ಕತೆ.

ಅಂಗಡಿಗೆ ಹೋಗಿ ಮೂರೆಳೆ ವೈರ್ ಕೇಳಿದೆ. "ಎರಡೆಳೇದೇ ತಗೊಳ್ಳಿ ಸಾರ್, ಕಮ್ಮಿ ಬೀಳುತ್ತೆ, ಎಲ್ಲರೂ ಅದೇ ಒಯ್ಯೋದು" ಅಂದ. ಬೇಡ ಅಂತ ಮೂರರದ್ದೇ ತಂದೆ. ಹುಡುಗ ಹಸಿರು ವೈರನ್ನು ಹೊಳೆಯುವ ಸ್ಕ್ರೂಗೆ ಬಿಗಿದ. ಗೋಡೆಯ ಪಾಯಿಂಟಿನಲ್ಲಿ ಅರ್ಥಿಂಗ್ ಇದೆಯೋ ಅಂತಲೂ ನೋಡಿಕೊಟ್ಟ, ಪುಣ್ಯಕ್ಕೆ ಇತ್ತು. ಜುಮ್ಮೂ ಹೋಯಿತು, ಹಾರಾಟವೂ ಹೋಯಿತು. ಟ್ಯಾಪ್ ಮಾಡಿದರೆ ಕ್ಲಿಕ್ ಆಗುವುದನ್ನು ಮಾತ್ರ ತೆಗೆದೇ ಬಿಟ್ಟಿದ್ದೇನೆ. ಹೆಬ್ಬೆರಳನ್ನು ಪೂರ್ತಿ ನಂಬುವ ಹಾಗಿಲ್ಲ.

ದೇಣಿಗೆ ಪಟ್ಟಿಯನ್ನು ಮತ್ತೆ ಟೈಪ್ ಮಾಡಿ, ರಸೀದಿ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಎರಡು ಸಲ ತಾಳೆ ನೋಡಿದೆ. ತಿದ್ದಿದ ಪ್ರೂಫ್ ತೋರಿಸಲು ಹೋದಾಗ ಮೇಷ್ಟ್ರು ಕನ್ನಡಕ ಮೇಲೆತ್ತಿ, "5000 ಇತ್ತಲ್ಲೋ, ಯಾಕೆ ತೆಗೆದೆ?" ಅಂದರು.