ಎಕ್ಸಿಟ್ ಎಂದರೂ ಸರಿ, ಕ್ವಿಟ್ ಎಂದರೂ ಸರಿ

ನಮ್ಮ ಕಚೇರಿಯ ಉಗ್ರಾಣಕ್ಕೆಂದು ನಾನು ಪೈಥಾನ್‌ನಲ್ಲಿ ಬರೆದುಕೊಟ್ಟ ದಾಸ್ತಾನು ಪ್ರೋಗ್ರಾಮಿಗೆ ಬಟನ್ನು, ಮೆನು ಏನೂ ಇಲ್ಲ. ಲಿನಕ್ಸ್ ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು, ಅಷ್ಟೇ. ಉಗ್ರಾಣದ ಮೇಡಂ ಅದಕ್ಕೆ ಬೇಗ ಒಗ್ಗಿಕೊಂಡರು. ತಕರಾರು ಎದ್ದದ್ದು ಹೊರಬರುವಾಗ. ಅವರು ಎಕ್ಸಿಟ್ ಎಂದರೆ ಪರದೆ ಮೂರು ನಕ್ಷತ್ರ ಹಾಕಿ 'ಅನ್‌ನೋನ್ ಸಿಂಟ್ಯಾಕ್ಸ್: ಎಕ್ಸಿಟ್' ಎನ್ನುತ್ತಿತ್ತು. ನಾನು ಇಟ್ಟಿದ್ದ ಕಮಾಂಡ್ ಕ್ವಿಟ್.

"ಅಲ್ಲಪ್ಪ, ಹೊರಡುತ್ತೇನೆ ಎಂದವರನ್ನು ಹೀಗೆ ಬಾಗಿಲಲ್ಲಿ ತಡೆಯುತ್ತಾರೆಯೇ?" ಎಂದರು.

ಕೇಳಿದ್ದು ನ್ಯಾಯವೇ. ಪೋಸ್ಟ್‌ಗ್ರೆಸ್ ಡೇಟಾಬೇಸಿನೊಡನೆ ಟರ್ಮಿನಲ್ಲಿನಿಂದ ಮಾತಾಡಿಸುವ ಪಿಎಸ್‌ಕ್ಯೂಎಲ್ ಎಂಬ ಪ್ರೋಗ್ರಾಮ್ ಕೂಡ ಎಷ್ಟೋ ಕಾಲ ಇದೇ ಹಟ ಹಿಡಿದಿತ್ತು. 2018ರಲ್ಲಿ ಬಂದ 11ನೇ ಆವೃತ್ತಿಯಿಂದ ಎಕ್ಸಿಟ್, ಕ್ವಿಟ್ ಎರಡಕ್ಕೂ ಬಾಗಿಲು ತೆರೆಯಿತು. ಅಲ್ಲಿಯೂ ಜಾಣತನವಿದೆ: ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ಅರ್ಧ ಬರೆದು ನಡುವೆ ಎಕ್ಸಿಟ್ ಎಂದರೆ ಅದು ಮುಚ್ಚಿಕೊಳ್ಳುವುದಿಲ್ಲ, ಹೊರಹೋಗುವ ದಾರಿಯನ್ನಷ್ಟೇ ಹೇಳುತ್ತದೆ.

ನನ್ನ ಪ್ರೋಗ್ರಾಮು ನಿಂತಿರುವುದು ಇಂಥ ಕಮಾಂಡ್ ಪರದೆಗಳನ್ನು ಕಟ್ಟಲೆಂದೇ ಪೈಥಾನ್‌ನಲ್ಲಿರುವ ಸಿಎಂಡಿ ಮಾಡ್ಯೂಲಿನ ಮೇಲೆ. ಅದರಲ್ಲಿ 'ಡೂ_' ಎಂದು ಆರಂಭವಾಗುವ ಪ್ರತಿ ಫಂಕ್ಷನ್ನೂ ಒಂದು ಕಮಾಂಡ್. ಹಾಗಾಗಿ 'ಡೂ_ಎಕ್ಸಿಟ್ = ಡೂ_ಕ್ವಿಟ್' ಎಂಬ ಒಂದೇ ಸಾಲಿಗೆ ಕೆಲಸ ಮುಗಿಯಿತು. ಟೈಪ್ ಮಾಡುವುದು ಮುಗಿಯಿತು ಎಂದು ತಿಳಿಸುವ ಕಂಟ್ರೋಲ್-ಡಿ ಒತ್ತಿದಾಗ ಮಾಡ್ಯೂಲಿಗೆ ಇಒಎಫ್ ಎಂಬ ಕಮಾಂಡ್ ಬಂದಂತಾಗುತ್ತದೆ. ಅದನ್ನೂ ಅಲ್ಲಿಗೇ ಜೋಡಿಸಿದೆ. ಹೆಲ್ಪ್ ಪಟ್ಟಿ ಕೊಂಚ ಉದ್ದವಾಯಿತು, ಆಗಲಿ.

ಮೇಡಂ ಅಲ್ಲಿಗೆ ಬಿಡಲಿಲ್ಲ. ಸಾಮಾನು ಕೊಟ್ಟದ್ದನ್ನು ಬರೆಯುವ ಇಶ್ಯೂ ಕಮಾಂಡಿಗೆ ಬರೀ 'ಐ' ಸಾಕು ಎಂದರು. ಪಟ್ಟಿ ತೋರಿಸುವ ಲಿಸ್ಟ್‌ಗೆ 'ಎಲ್' ಕೊಡಲು ನನ್ನದೇನೂ ಅಡ್ಡಿಯಿರಲಿಲ್ಲ, ನೋಡುವುದರಿಂದ ಏನೂ ಕೆಡುವುದಿಲ್ಲ. ದಾಸ್ತಾನು ಇಳಿಸುವ ಕಮಾಂಡ್ ಒಂದೇ ಅಕ್ಷರದ್ದಾಗಬಾರದು ಎಂಬುದು ಮಾತ್ರ ನನ್ನ ಹಟ. ಪ್ರೋಗ್ರಾಮಿನ ತಪ್ಪು ಹುಡುಕಲು ಪೈಥಾನ್‌ನಲ್ಲಿರುವ ಡೀಬಗರ್ ಪಿಡಿಬಿಯಲ್ಲಿ 'ಸಿ' ಎಂದರೆ ಕಂಟಿನ್ಯೂ, ಮುಂದುವರಿ ಎಂದು; ಅಲ್ಲಿ 'ಸಿ' ಎಂಬ ಹೆಸರಿನ ವೇರಿಯಬಲ್ ನೋಡಲು ಹೋಗಿ ಪ್ರೋಗ್ರಾಮನ್ನೇ ಮುಂದಕ್ಕೆ ಓಡಿಸಿದವರಿಗೆ ನನ್ನ ಭಯ ಗೊತ್ತು. ಸಿಎಂಡಿ ಮಾಡ್ಯೂಲಿಗೆ ಇನ್ನೊಂದು ಕೆಟ್ಟ ಅಭ್ಯಾಸವೂ ಇದೆ: ಏನೂ ಬರೆಯದೆ ಎಂಟರ್ ಒತ್ತಿದರೆ ಹಿಂದಿನ ಕಮಾಂಡನ್ನೇ ಮತ್ತೆ ನಡೆಸುತ್ತದೆ. ಒಂದು ಬಂಡಲ್ ಕಾಗದ ಕೊಟ್ಟು ಎಂಟರ್ ಮೇಲೆ ಕೈ ಇಟ್ಟರೆ ಲೆಕ್ಕದಲ್ಲಿ ಎರಡು ಬಂಡಲ್ ಹೋಗುತ್ತದೆ! ಅದನ್ನು ಮೊದಲೇ ತೆಗೆದುಹಾಕಿದ್ದೆ.

'ಐ' ಬೇಡ ಎಂದಾಗ ಅವರಿಗೆ ಬೇಸರವಾಯಿತು. "ಐ ಬರೆದು ಟ್ಯಾಬ್ ಒತ್ತಿ ನೋಡಿ, ಮೇಡಂ" ಎಂದೆ. ಒತ್ತಿದರು, ಇಶ್ಯೂ ಪೂರ್ತಿಯಾಗಿ ಬಂತು.

"ಇದನ್ನು ಮೊದಲೇ ಹೇಳಿದ್ದರೆ ಆಗುತ್ತಿರಲಿಲ್ಲವೇ?" ಎನ್ನುತ್ತಾ ಮುಂದಿನ ಚೀಟಿ ಎತ್ತಿಕೊಂಡರು.