ಆ ಕೊಡ ಏನಾಯ್ತು?

ಇವತ್ತು ದುರ್ಗದಲ್ಲಿ ಮಕ್ಕಳ ಬರಹದ ಹಬ್ಬ. ಪ್ರಬಂಧ ಓದಿ ಅಂಕ ಹಾಕೋ ಕೆಲಸ ನಂದು.

ವಿಷಯ ನಮ್ಮ ಕೋಟೆ. ಏಳು ಸುತ್ತು, ಮದಕರಿ, ಹೈದರಾಲಿ, 1779, ಒನಕೆ... 20 ಹಾಳೆ ದಾಟೋ ಹೊತ್ತಿಗೆ ಆಕಳಿಕೆ. ಟೀನೂ ಆರಿಹೋಗಿತ್ತು.

ಆಮೇಲೆ ಏಳನೇ ಕ್ಲಾಸಿನ ಒಂದು ಹುಡುಗಿ ಬರೆದಿದ್ದು:
"ಓಬವ್ವ ಗಂಡನಿಗೆ ನೀರು ತರೋಕೆ ಹೋಗಿದ್ದಳು. ಕಿಂಡಿಯಲ್ಲಿ ಶತ್ರು ಕಂಡು ಒನಕೆ ತರಲು ಓಡಿದಳು. ಹಾಗಾದರೆ ಕೊಡ ಎಲ್ಲಿಟ್ಟಳು?"

ಉತ್ತರ ಇಲ್ಲ. ಮುಂದಿನ ಒಂದೂವರೆ ಪುಟ ಬರೀ ಕೊಡದ್ದೇ. ತುಂಬಿತ್ತಾ, ಖಾಲಿನಾ, ತಾಮ್ರದ್ದಾ, ಮಣ್ಣಿಂದಾ, ಗಂಡ ಊಟದ ನಡುವೆ ಬಿಕ್ಕಳಿಸಿದನಾ!

ಕಾಗುಣಿತ ತಪ್ಪು 9. ಎಣಿಸಿದೆ, ಕೆಂಪು ಪೆನ್ನಿನ ಕ್ಯಾಪು ಹಾಕಿಬಿಟ್ಟೆ.

ಆ ಕಿಂಡಿ ಮುಂದೆ ಎಷ್ಟು ಸಲ ಫೋಟೋ ತೆಗೆಸಿಕೊಂಡಿದೀನೋ. ಒಂದ್ಸಲಾನೂ ಕೊಡ ನೆನಪಾಗಿಲ್ಲ ನೋಡ್ರಿ.