ಅಕ್ಟೋಬರ್‌ನಲ್ಲಿ ಕೊಲೊರಾಡೊದ ಫ್ಲಾಟ್ ಟಾಪ್ಸ್ ಕಾಡಿಗೆ ಹೊರಟವರು ಕೋವಿಯ ಬಗ್ಗೆ ತಿಳಿದಿರಬೇಕಾದದ್ದು

ತಂತಿಬೇಲಿ ದಾಟುವಾಗ ಜೊತೆಯವರು “ಒಂದ್ನಿಮಿಷ ಇದನ್ನ ಹಿಡ್ಕೊಳ್ಳಿ” ಅಂತ ರೈಫಲ್ ಚಾಚುತ್ತಾರೆ. ನೀವು ಎಚ್-1ಬಿ, ಎಚ್-4, ಎಲ್-1, ಎಫ್-1 ವೀಸಾಗಳಲ್ಲಿ ಯಾವುದರ ಮೇಲೆ ಅಮೆರಿಕದಲ್ಲಿದ್ದರೂ, ಕಿಸೆಯಲ್ಲಿ ಬೇಟೆ ಪರವಾನಗಿ ಇಲ್ಲದಿದ್ದರೆ ಅದನ್ನು ಮುಟ್ಟಬೇಡಿ. ವಲಸೆಯೇತರ ವೀಸಾದವರ ಬಳಿ ಕೋವಿಯಾಗಲಿ ತೋಟಾ ಆಗಲಿ ಇರಬಾರದು ಎನ್ನುತ್ತದೆ ಅಲ್ಲಿನ ಫೆಡರಲ್ ಕಾನೂನು. ಕೋವಿ ನಿಮ್ಮದಾಗಿರಬೇಕೆಂದೇನೂ ಇಲ್ಲ, ಕೈಯಲ್ಲಿದ್ದರೂ ‘ಬಳಿ ಇದ್ದಂತೆ’ ಆಗಬಹುದು. ಗರಿಷ್ಠ ಶಿಕ್ಷೆ 15 ವರ್ಷ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಉಳಿದವರಿಗೆ ಕಾನೂನೇ ಕೊಟ್ಟಿರುವ ವಿನಾಯಿತಿಯೊಂದಿದೆ: ಯಾವುದಾದರೂ ಅಮೆರಿಕನ್ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಹತ್ತು ವರ್ಷದಿಂದ ಬೇಟೆಯಾಡುವ ಅಮೆರಿಕನ್ ಸಹೋದ್ಯೋಗಿಗೂ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಅವರು ಸ್ನೇಹದಿಂದಲೇ ಕೊಡುತ್ತಾರೆ, ತೊಂದರೆಗೆ ಸಿಲುಕುವವರು ಮಾತ್ರ ನೀವು. ಕಾಡಿನಲ್ಲಿ ನಿಂತು ವಿವರಿಸುವುದಕ್ಕಿಂತ ಹೊರಡುವ ಹಿಂದಿನ ವಾರವೇ ಹೇಳಿಬಿಡುವುದು ಒಳ್ಳೆಯದು.

ಕೊಲೊರಾಡೊದಲ್ಲಿ ಬೇಟೆ ಪರವಾನಗಿ ಬೇಕೆಂದರೆ, 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿರಬೇಕು. ಅಂದರೆ ಇದನ್ನು ಓದುವ ಹೆಚ್ಚುಕಡಿಮೆ ಎಲ್ಲರೂ. ಬೇರೆ ರಾಜ್ಯದಲ್ಲಿ ಕೋರ್ಸ್ ಮುಗಿಸಿ ಪಡೆದ ಕಾರ್ಡೂ ನಡೆಯುತ್ತದೆ. ಕೋವಿ ಹಿಡಿಯುವ ಯೋಚನೆಯೇ ಇಲ್ಲದಿದ್ದರೂ, ಬೇಟೆಗಾರರ ಜೊತೆ ಕಾಡಿಗೆ ಹೋಗುವವರು ಈ ಕೋರ್ಸ್ ಮಾಡಿ. ಮುಂದೆ ನಡೆಯುವವನು ತಪ್ಪು ಮಾಡುತ್ತಿದ್ದಾನೆ ಎಂದು ಗುರುತಿಸಲು ಅಷ್ಟು ಓದು ಬೇಕೇಬೇಕು.

ಡೆನ್ವರ್‌ನಿಂದ ಐ-70ರಲ್ಲಿ ಪಶ್ಚಿಮಕ್ಕೆ ಹೋಗಿ, ರೈಫಲ್ ಎಂಬ ಹೆಸರಿನ ಊರಿನಲ್ಲಿ ಉತ್ತರಕ್ಕೆ ತಿರುಗಿ ಹೆದ್ದಾರಿ 13 ಹಿಡಿದರೆ ಕಾಡಿಗೆ ಮೊದಲು ಸಿಗುವ ಊರು ಮೀಕರ್. ನಾಲ್ಕು ಗಂಟೆಯ ಹಾದಿ ಅಂದುಕೊಳ್ಳಿ, ಐಸೆನ್‌ಹೋವರ್ ಸುರಂಗದ ಹತ್ತಿರ ಹಿಮ ಬಿದ್ದರೆ ಆರು. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಐ-70ರ ಬೆಟ್ಟದ ಭಾಗದಲ್ಲಿ ಟೈರಿನ ನಿಯಮ ಜಾರಿಯಲ್ಲಿರುತ್ತದೆ. ಬಾಡಿಗೆ ಕಾರಿನ ಟೈರಿನ ಗೀರು 3/16 ಇಂಚು ಆಳ ಇದೆಯೇ ಎಂದು ವಿಮಾನ ನಿಲ್ದಾಣದಲ್ಲೇ ಬಗ್ಗಿ ನೋಡಿ. ‘ನಾಲ್ಕೂ ಚಕ್ರಕ್ಕೆ ಶಕ್ತಿ’ ಎಂದು ಹಣ ಕಟ್ಟಿಸಿಕೊಂಡು ಮುಂದಿನ ಚಕ್ರದ್ದನ್ನು ಮಾತ್ರ ಕೊಡುವವರಿದ್ದಾರೆ. ಮೀಕರ್ ದಾಟಿ ವೈಟ್ ರಿವರ್ ಕಣಿವೆಯ ಮಣ್ಣುರಸ್ತೆಯಲ್ಲಿ ಮಳೆ ಬಿದ್ದ ಮೇಲೆ ಅಂಥ ಕಾರು ಒಂದು ಮೈಲಿಯೂ ಹತ್ತುವುದಿಲ್ಲ. ಹೆದ್ದಾರಿ 13ರಲ್ಲಿ ಸಂಜೆಯ ಮೇಲೆ ಜಿಂಕೆ, ಎಲ್ಕ್ ಎಂಬ ದೊಡ್ಡ ಕಡವೆಯಂಥ ಪ್ರಾಣಿಗಳು ರಸ್ತೆಗೆ ಇಳಿಯುತ್ತವೆ. ಬೆಳಕಿದ್ದಾಗಲೇ ಊರು ಸೇರಿಕೊಳ್ಳಿ.

ರೂಮಿನ ವಿಷಯದಲ್ಲಿ ಮೋಸ ಹೋಗಬೇಡಿ. ರೈಫಲ್ ಸೀಸನ್, ಅಂದರೆ ರೈಫಲ್‌ನಿಂದ ಬೇಟೆಯಾಡಲು ಗೊತ್ತುಮಾಡಿದ ದಿನಗಳು, ಬಂತೆಂದರೆ ಈ ಕಡೆಯ ಸಣ್ಣ ಮೋಟೆಲ್‌ಗಳು ದರ ಏರಿಸಿ, ಕನಿಷ್ಠ ನಾಲ್ಕು ರಾತ್ರಿ ಎಂಬ ಷರತ್ತು ಹಾಕುತ್ತವೆ. ನಾವು ರಾತ್ರಿಗೆ 210 ಡಾಲರ್ ಕೊಟ್ಟ ಕೋಣೆಯಲ್ಲಿ ಹೀಟರ್ ಕೆಟ್ಟಿತ್ತು, ಬಾಗಿಲಿನ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ನಾಲ್ಕು ರೈಫಲ್ ಇಟ್ಟುಕೊಂಡ ತಂಡಕ್ಕೆ ಚಿಲಕವಿಲ್ಲದ ಬಾಗಿಲು ಬರೀ ಅನನುಕೂಲವಲ್ಲ, ಅಪಾಯ. ಕೋವಿಗಳನ್ನು ಕೇಬಲ್ ಬೀಗದಿಂದ ಮಂಚದ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಬೋಲ್ಟ್‌ಗಳನ್ನು (ತೋಟಾ ತುಂಬಲು, ತೆಗೆಯಲು ಹಿಂದೆ ಮುಂದೆ ಎಳೆಯುವ ಭಾಗ) ಕಳಚಿ ಬೇರೆ ಚೀಲದಲ್ಲಿಟ್ಟುಕೊಳ್ಳಬೇಕಾಯಿತು. ಎರಡು ಕೇಬಲ್ ಬೀಗ ಮನೆಯಿಂದಲೇ ತನ್ನಿ, ಮತ್ತು ಕೋಣೆ ನೋಡದೆ ನಾಲ್ಕೂ ರಾತ್ರಿಯ ಹಣ ಕಟ್ಟಬೇಡಿ.

ಇನ್ನು ಕಾಡು. ಫ್ಲಾಟ್ ಟಾಪ್ಸ್ ಅಂದರೆ ವೈಟ್ ರಿವರ್ ಮತ್ತು ರೌಟ್ ರಾಷ್ಟ್ರೀಯ ಅರಣ್ಯಗಳಿಗೆ ಸೇರಿದ ಎತ್ತರದ ಚಪ್ಪಟೆ ಬೆಟ್ಟಸಾಲು. ರಿಪಲ್ ಕ್ರೀಕ್ ಪಾಸ್ 10,300 ಅಡಿಗೂ ಮೇಲಿದೆ. ಇಲ್ಲಿಯ ಎಲ್ಕ್ ಹಿಂಡು ಬಹಳ ದೊಡ್ಡದು, ಹಾಗಾಗಿ ಬೇಟೆಗಾರರೂ ಬಹಳ. ಇದು ಸಾರ್ವಜನಿಕ ನೆಲ. ಎಲ್ಕ್ ಬೇಟೆಗಾರ, ಮೀನು ಹಿಡಿಯುವವನು, ಕುದುರೆ ಸವಾರ, ಮಕ್ಕಳನ್ನು ಕರೆದುಕೊಂಡು ಟ್ರ್ಯಾಪರ್ಸ್ ಲೇಕ್ ನೋಡಲು ಬಂದ ಸಂಸಾರ, ಎಲ್ಲರಿಗೂ ಸಮಾನ ಹಕ್ಕು. ಮಲೆನಾಡಿನಲ್ಲಿ ಹಿಂದೆ ನಡೆಯುತ್ತಿದ್ದ ಹಳು ಸೋವುವ ಬೇಟೆಯಲ್ಲಿ ಯಾರು ಎಲ್ಲಿ ನಿಂತಿದ್ದಾರೆಂದು ಹೊರಡುವ ಮೊದಲೇ ಎಲ್ಲರಿಗೂ ತಿಳಿದಿರುತ್ತಿತ್ತು. ಇಲ್ಲಿ ಪಕ್ಕದ ದಿಬ್ಬದಲ್ಲಿ ಯಾರಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಕಾಲುದಾರಿ ಶುರುವಾಗುವ ಟ್ರೇಲ್‌ಹೆಡ್‌ನಲ್ಲಿ ನಿಂತ ಪಿಕಪ್‌ಗಳನ್ನು ಎಣಿಸಿ, ಒಂದಕ್ಕೆ ಮೂರು ಜನರಂತೆ ಲೆಕ್ಕ ಹಾಕಿ. ಅಷ್ಟು ಜನ ಈಗಾಗಲೇ ಒಳಗಿದ್ದಾರೆ ಎಂದುಕೊಂಡೇ ಹೆಜ್ಜೆ ಇಡಬೇಕು. ಎಂಟು ಗಾಡಿಗಿಂತ ಹೆಚ್ಚಿದ್ದರೆ ಮುಂದಿನ ಟ್ರೇಲ್‌ಹೆಡ್‌ಗೆ ಹೋಗುವುದು ಮೇಲು. ಎರಡನೇ ರೈಫಲ್ ಸೀಸನ್ ಶನಿವಾರ ಶುರುವಾಗುತ್ತದೆ. ಆ ಶನಿವಾರ, ಭಾನುವಾರ ಮಕ್ಕಳಿರುವವರು ಹೋಗಲೇಬೇಡಿ. ಮಂಗಳವಾರದ ಹೊತ್ತಿಗೆ ಅರ್ಧ ಜನ ಖಾಲಿಯಾಗಿರುತ್ತಾರೆ.

ರೈಫಲ್ ಬೇಟೆಗಾರರು ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಬೇಕು, ಜೊತೆಗೆ ಸುತ್ತಲಿಂದಲೂ ಕಾಣುವ ಅದೇ ಬಣ್ಣದ ಟೋಪಿ. ಗುಲಾಬಿಗೆ ಅನುಮತಿ ಬಂದದ್ದು 2016ರಲ್ಲಿ. ಎಲೆ ಚಿತ್ತಾರದ ಕಿತ್ತಳೆ ಬಟ್ಟೆ ಲೆಕ್ಕಕ್ಕಿಲ್ಲ. 500 ಚದರ ಇಂಚು ಎಷ್ಟೆಂದರೆ ಎದೆಗೊಂದು, ಬೆನ್ನಿಗೊಂದು 16 ಇಂಚಿನ ಚೌಕ. ಎಡವುವುದು ಇಲ್ಲಿಯೇ: ಅಂಗಡಿಯಿಂದ ತಂದ ವೆಸ್ಟ್ ಸರಿಯಾಗಿಯೇ ಇರುತ್ತದೆ, ಮೇಲೆ ಬೆನ್ನುಚೀಲ ಹಾಕಿದ ಕೂಡಲೇ ಹಿಂದಿನ ಚೌಕ ಪೂರ್ತಿ ಮುಚ್ಚಿಹೋಗುತ್ತದೆ. ಚೀಲಕ್ಕೂ ಕಿತ್ತಳೆ ಹೊದಿಕೆ ಹಾಕಿ. ಎಲ್ಕ್‌ನ ಕೊಂಬು ಅಥವಾ ತೊಡೆ ಹೊತ್ತು ತರುವವರು ಕೊಂಬಿನ ಪ್ರತಿ ಕವಲಿಗೂ ಕಿತ್ತಳೆ ಪಟ್ಟಿ ಕಟ್ಟಬೇಕು. ಪೊದೆಗಳ ಮೇಲೆ ಕೊಂಬು ಮಾತ್ರ ತೇಲಿ ಬರುತ್ತಿದ್ದರೆ ದೂರದ ಕಣ್ಣಿಗೆ ಏನು ಕಂಡೀತು? ಎಲ್ಕ್‌ಗೆ ಕಿತ್ತಳೆಯನ್ನು ಬೇರೆ ಬಣ್ಣವಾಗಿ ಗುರುತಿಸಲು ಬರುವುದಿಲ್ಲ, ಆದ್ದರಿಂದ ಬೇಟೆ ಕೈತಪ್ಪುತ್ತದೆ ಎಂಬ ನೆಪಕ್ಕೆ ಅರ್ಥವಿಲ್ಲ. ಚಾರಣಿಗರಿಗೆ ಕೊಲೊರಾಡೊದಲ್ಲಿ ಇದು ಕಡ್ಡಾಯವಲ್ಲ. ಆದರೂ ಹಾಕಿ, ಮಕ್ಕಳಿಗೂ ನಾಯಿಗೂ ಹಾಕಿ. ಕಂದು ಜಾಕೆಟ್, ಬಿಳಿ ಟೋಪಿ ಮನೆಯಲ್ಲಿರಲಿ.

ಸೆಪ್ಟೆಂಬರ್‌ನಲ್ಲಿ ಆಸ್ಪೆನ್ ಮರಗಳ ಹಳದಿ ನೋಡಲು ಹೋಗುವವರು ಇದನ್ನು ಮರೆಯುತ್ತಾರೆ: ಆಗ ಬಿಲ್ಲಿನ ಬೇಟೆಯ ಕಾಲ. ಬಿಲ್ಲಿನವರು ಕಿತ್ತಳೆ ಹಾಕುವುದಿಲ್ಲ, ಮುಖಕ್ಕೂ ಬಣ್ಣ ಬಳಿದುಕೊಂಡು ಕೂತಿರುತ್ತಾರೆ. ನಿಮಗೆ ಅವರು ಕಾಣುವುದಿಲ್ಲ, ನೀವಾದರೂ ಅವರಿಗೆ ಕಾಣಬೇಕು.

ನಮ್ಮ ಪ್ರಕಾರ ಅತಿ ಅಪಾಯದ ಜಾಗ ದಟ್ಟ ಕಾಡಲ್ಲ, ಗಾಡಿ ನಿಲ್ಲಿಸುವ ಜಾಗ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ ಗುಂಡು ಹಾರಿಸಲು ಅನುಮತಿ. ಹಾಗಾಗಿ ಎಲ್ಲರೂ ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳಲ್ಲಿ, ಒಂದೇ ಕಡೆ ತೋಟಾ ತುಂಬುತ್ತಾರೆ, ತೆಗೆಯುತ್ತಾರೆ. ಗಾಡಿಯೊಳಗೆ ರೈಫಲ್‌ನ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯ ಗೂಡಿನಲ್ಲಿ, ತೋಟಾ ಇರುವುದು ಅಪರಾಧ. ನಾಲ್ಕು ಚಕ್ರದ ಎಟಿವಿ ಗಾಡಿಯಲ್ಲಾದರೆ ಮ್ಯಾಗಜಿನ್ (ತೋಟಾಗಳ ಪೆಟ್ಟಿಗೆ) ಕೂಡ ಖಾಲಿ ಇದ್ದು ಕೋವಿ ಚೀಲದೊಳಗಿರಬೇಕು. ಖಾಲಿ ಮಾಡುವ ಕ್ರಮ ಹೀಗೆ: ನಳಿಗೆಯನ್ನು ಗಾಡಿ, ಕಲ್ಲು, ಜನ ಯಾವುದೂ ಇಲ್ಲದ ಮೆತ್ತನೆ ಮಣ್ಣಿನ ಕಡೆ ತಿರುಗಿಸಿ, ಬೆರಳು ಟ್ರಿಗರ್ ಕಾವಲಿನ ಹೊರಗಿರಲಿ. ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಬೋಲ್ಟ್ ಎಳೆಯಿರಿ. ಈ ಕ್ರಮ ತಿರುವುಮುರುವಾದರೆ, ಬೋಲ್ಟ್ ಮುಚ್ಚುವಾಗ ಮ್ಯಾಗಜಿನ್‌ನ ಮೇಲಿನ ತೋಟಾ ಮತ್ತೆ ಚೇಂಬರಿಗೆ ಹೋಗಿ ಕೂರುತ್ತದೆ. ಚೇಂಬರನ್ನು ಟಾರ್ಚ್ ಹಾಕಿ ನೋಡಿ, ಕಿರುಬೆರಳು ತೂರಿಸಿಯೂ ನೋಡಿ. ಕೊನೆಗೆ ಇನ್ನೊಬ್ಬರಿಗೆ ತೋರಿಸಿ. ಅಗ್ಗಕ್ಕೆ ಸಿಕ್ಕ ಹಳೆಯ ಕೋವಿ ತರುವವರಿಗೆ ಒಂದು ಮಾತು. ಹಿಂದಿನ ಕೆಲವು ಬೋಲ್ಟ್ ರೈಫಲ್‌ಗಳಲ್ಲಿ ಸೇಫ್ಟಿ ಎಂಬ ತಡೆಗುಂಡಿ ತೆಗೆಯದ ಹೊರತು ಬೋಲ್ಟ್ ತೆರೆಯುವುದಿಲ್ಲ. ಖಾಲಿ ಮಾಡುವ ಹೊತ್ತಿನಲ್ಲೇ ಸೇಫ್ಟಿ ತೆರೆದಿರುತ್ತದೆ, ಆಗ ನಳಿಗೆ ಎತ್ತ ನೋಡುತ್ತಿದೆ ಎಂಬುದೊಂದೇ ಕಾಪಾಡುವುದು.

ಸಾಲಾಗಿ ನಡೆಯುವಾಗ ಮುಂದಿನವನ ನಳಿಗೆ ಮುಂದಕ್ಕೆ, ಕೊನೆಯವನದು ಹಿಂದಕ್ಕೆ, ನಡುವಿನವರದು ಪಕ್ಕಕ್ಕೆ. ಹೆಗಲಿಗೆ ಪಟ್ಟಿಯಲ್ಲಿ ತೂಗುಹಾಕಿಕೊಂಡವನು ಬಗ್ಗಿ ಬೂಟಿನ ಲಾಡಿ ಕಟ್ಟಿದರೆ ನಳಿಗೆ ಮುಂದಿನವನ ಬೆನ್ನಿಗೆ ಗುರಿಯಾಗುತ್ತದೆ. ಬಗ್ಗುವ ಮೊದಲು ಕೋವಿ ಇಳಿಸಬೇಕು. ಎಲ್ಕ್ ಕಾಣುವವರೆಗೂ ಚೇಂಬರ್ ಖಾಲಿ ಇರಲಿ ಎಂದು ತಂಡದಲ್ಲಿ ಮೊದಲೇ ಒಪ್ಪಂದವಾಗಲಿ. ಬಿದ್ದ ಮರಗಳನ್ನು ಹತ್ತಿ ಇಳಿಯುವ ಆ ಕಾಡಿನಲ್ಲಿ ತುಂಬಿದ ಕೋವಿ ಹೊತ್ತು ಜಾರುವುದಕ್ಕಿಂತ, ಬೋಲ್ಟ್ ಎಳೆಯುವ ಎರಡು ಸೆಕೆಂಡಿಗೆ ಒಂದು ಎಲ್ಕ್ ಹೋದರೆ ಹೋಗಲಿ.

ಬೇಲಿಯ ವಿಷಯಕ್ಕೆ ಬಂದರೆ, ಇಬ್ಬರಿದ್ದಾಗ ಒಬ್ಬರ ಕೈಗೆ ಕೊಟ್ಟು ದಾಟುವುದು ಪುಸ್ತಕದ ಕ್ರಮ. ಪರವಾನಗಿ ಇಲ್ಲದ ವೀಸಾದವರು ಜೊತೆಗಿದ್ದರೆ ಒಬ್ಬರೇ ಇದ್ದಾಗಿನ ಕ್ರಮವನ್ನೇ ಬಳಸಬೇಕು. ಕೋವಿ ಖಾಲಿ ಮಾಡಿ, ಬೋಲ್ಟ್ ತೆರೆದೇ ಇಟ್ಟು, ಕೆಳಗಿನ ತಂತಿಯ ಅಡಿಯಿಂದ ಆ ಬದಿಗೆ ಮಲಗಿಸಿ ತೂರಿಸಿ, ನಳಿಗೆ ನಿಮ್ಮಿಂದ ಆಚೆ ನೋಡುತ್ತಿರಲಿ. ಹಿಡಿಯ ಕಡೆಗೆ ಸರಿದು ದಾಟಿ. ಕಂಬಕ್ಕೆ ಒರಗಿಸಿ ಹತ್ತಿದರೆ ಬೇಲಿ ಅಲುಗಿ ಕೋವಿ ಬೀಳುತ್ತದೆ. ಅಂದಹಾಗೆ, ಬೇಲಿಯಾಚೆ ಖಾಸಗಿ ನೆಲವಾಗಿದ್ದರೆ ದಾಟುವಂತೆಯೇ ಇಲ್ಲ. ಕೊಲೊರಾಡೊದಲ್ಲಿ ಮಾಲೀಕರು ಫಲಕ ಹಾಕಿರಬೇಕೆಂಬ ನಿಯಮವಿಲ್ಲ, ಗಡಿ ತಿಳಿದುಕೊಳ್ಳುವ ಹೊಣೆ ಬೇಟೆಗಾರನದೇ. ನಕ್ಷೆಯನ್ನು ಊರಲ್ಲೇ ಫೋನಿಗೆ ಇಳಿಸಿಕೊಳ್ಳಿ, ಮೇಲೆ ಸಿಗ್ನಲ್ ಇಲ್ಲ.

ಅಲುಗಿದ್ದೇನೆಂದು ನೋಡಲು ರೈಫಲ್‌ನ ಸ್ಕೋಪ್ (ಕೋವಿಗೆ ಕೂರಿಸಿದ ಗುರಿ ದುರ್ಬೀನು) ಎತ್ತುವವನ ಜೊತೆ ಮರುದಿನ ಹೋಗಬೇಡಿ. ಇದನ್ನು ಖಂಡಿತವಾಗಿ ಹೇಳುತ್ತೇವೆ. ಸ್ಕೋಪಿನಲ್ಲಿ ನೋಡುವುದೆಂದರೆ ನಳಿಗೆಯನ್ನು ಆ ಕಡೆ ತಿರುಗಿಸುವುದು, ಅಲ್ಲಿರುವುದು ಅಣಬೆ ಹುಡುಕುವ ಹೆಂಗಸೂ ಆಗಿರಬಹುದು. ಕುತ್ತಿಗೆಯಲ್ಲಿ ದುರ್ಬೀನು ಇರಲೇಬೇಕು. ಇಲ್ಲಿ ಎಲ್ಕ್ ಎಂದುಕೊಂಡು ಇನ್ನೊಂದು ಜಿಂಕೆ ಜಾತಿಯ ಮೂಸ್‌ಗೆ ಹೊಡೆಯುವವರೂ ಇದ್ದಾರೆ, ಅಷ್ಟು ದೊಡ್ಡ ಪ್ರಾಣಿಯನ್ನೇ ತಪ್ಪಾಗಿ ಗುರುತಿಸುವ ಕಣ್ಣು ಮನುಷ್ಯನನ್ನು ಗುರುತಿಸುತ್ತದೆ ಎಂದು ನಂಬುವುದು ಹೇಗೆ? .30-06ರಂಥ ರೈಫಲ್‌ನ ಗುಂಡು ಏನೂ ತಡೆಯದಿದ್ದರೆ ಸುಮಾರು 3 ಮೈಲಿ ಹೋಗಬಲ್ಲದು. ದಿಬ್ಬದ ನೆತ್ತಿಯಲ್ಲಿ ಆಕಾಶದ ಎದುರು ನಿಂತ ಎಲ್ಕ್ ಎಷ್ಟೇ ಚೆನ್ನಾಗಿ ಕಂಡರೂ ಹೊಡೆಯುವಂತಿಲ್ಲ. ಹಿಂದೆ ಗುಂಡನ್ನು ನುಂಗುವ ಮಣ್ಣು ಬೇಕು. ರಾಷ್ಟ್ರೀಯ ಅರಣ್ಯದಲ್ಲಿ ಮನೆ, ಡೇರೆ ಹಾಕಿದ ಜಾಗ, ಜನರಿರುವ ಜಾಗಗಳಿಂದ 150 ಗಜದೊಳಗೆ ಗುಂಡು ಹಾರಿಸಬಾರದು, ಅರಣ್ಯ ರಸ್ತೆಯ ಅಡ್ಡಕ್ಕೂ ಹಾರಿಸಬಾರದು. ಆದರೆ ಪೈನ್ ಮರಗಳ ನಡುವೆ ಹಸಿರು ಡೇರೆ ಹಾಕಿಕೊಂಡವರು ಅಲ್ಲಿದ್ದಾರೆಂದು ಗೊತ್ತಾಗುವುದಾದರೂ ಹೇಗೆ? ಡೇರೆಯ ನಾಲ್ಕೂ ಕಡೆ ಕಿತ್ತಳೆ ಬಟ್ಟೆ ಕಟ್ಟಿ.

ಹಿಮ ಇನ್ನೊಂದು ತೊಂದರೆ. ಜಾರಿ ಬಿದ್ದಾಗ ನಳಿಗೆಯ ಬಾಯಿಗೆ ಹಿಮವೋ ಕೆಸರೋ ತುಂಬಿಕೊಂಡರೆ, ಹಾಗೆಯೇ ಹಾರಿಸಿದ ಕೋವಿಯ ನಳಿಗೆ ಒಡೆಯಬಹುದು. ಅದು ಒಳಗೆ ಹೋಗದಂತೆ ಬಾಯಿಯ ಮೇಲೆ ಒಂದೇ ಪದರ ಇನ್ಸುಲೇಷನ್ ಟೇಪ್ ಅಂಟಿಸಿಕೊಳ್ಳಿ. ಬಿದ್ದ ಮೇಲೆ ಖಾಲಿ ಮಾಡಿ, ಬೋಲ್ಟ್ ಹೊರತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ನೋಡಿ. ಒಲೆ ಉರಿಯುವ ಡೇರೆಗೆ ತಣ್ಣನೆಯ ರೈಫಲ್ ತಂದರೆ ಲೋಹದ ಮೇಲೆ ನೀರು ಕೂರುತ್ತದೆ, ಬೆಳಿಗ್ಗೆ ಹೊರಗೆ ಒಯ್ದಾಗ ಅದು ಬೋಲ್ಟ್‌ನೊಳಗೇ ಹೆಪ್ಪುಗಟ್ಟುತ್ತದೆ. ತೋಟಾಕ್ಕೆ ಹೊಡೆಯುವ ಮೊಳೆ ನಿಧಾನವಾಗುತ್ತದೆ, ಟ್ರಿಗರ್ ಎಳೆದರೂ ‘ಕ್ಲಿಕ್’ ಅಷ್ಟೆ. ಆಗ ಕೂಡಲೇ ಬೋಲ್ಟ್ ತೆರೆಯಬೇಡಿ. ತೋಟಾ ತಡವಾಗಿಯೂ ಹೊತ್ತಬಹುದು, ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ. ಬೋಲ್ಟ್‌ನ ಎಣ್ಣೆಯನ್ನು ಊರಿನಲ್ಲೇ ಒರೆಸಿ ಒಣಗಿಸಿಟ್ಟರೆ ಈ ಕಾಟ ಕಡಿಮೆ.

ಕೋವಿ ಇಲ್ಲದೆ ನಡೆಯುವವರು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ, ಗುರುತಾದ ಕಾಲುದಾರಿಯಲ್ಲೇ ನಡೆಯಿರಿ. ಮಾತಾಡುತ್ತಾ ಹೋಗಿ, ಕಿವಿಗೆ ಹಾಡು ಬೇಡ. ಕೋವಿ ನಿಮ್ಮ ಕಡೆ ತಿರುಗಿದ್ದು ಕಂಡರೆ ಓಡಬೇಡಿ, ಕೈ ಬೀಸಬೇಡಿ. ನಿಂತಲ್ಲೇ ಗಟ್ಟಿಯಾಗಿ ಕೂಗಿ. ಕೂಗುವುದು ಮನುಷ್ಯ ಮಾತ್ರ. ಒಬ್ಬೊಬ್ಬರ ಚೀಲದ ಹೊರಗೂ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಒಂದು ಟೂರ್ನಿಕೆ ಪಟ್ಟಿ ತೂಗುತ್ತಿರಲಿ, ಬಿಗಿಯಲು ಒಮ್ಮೆ ಮನೆಯಲ್ಲಿ ಕಲಿತಿರಿ. ಇಷ್ಟು ದೂರದ ಕಾಡಿಗೆ ಸಹಾಯ ಬರಲು ಗಂಟೆಗಳೇ ಹಿಡಿಯುತ್ತವೆ.

ಊಟ. ಮೀಕರ್‌ನ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ ಬೆಳಿಗ್ಗೆ ನಾಲ್ಕೂವರೆಗೇ ದೀಪ ಹಚ್ಚುವ ಮೆಕ್ಸಿಕನ್ ಗಾಡಿಯೊಂದಿದೆ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. 9 ಡಾಲರ್‌ಗೆ ಮುಂಗೈ ಉದ್ದದ ಬುರ್ರಿಟೊ: ಹುರಿದ ಆಲೂಗಡ್ಡೆ, ಮೊಟ್ಟೆ, ಬೀನ್ಸ್, ಮೇಲೆ ಸುಟ್ಟ ಹಸಿಮೆಣಸಿನ ಗೊಜ್ಜು. ನಮ್ಮ ನಾಲಗೆಗೆ ಬೇಕಾದ ಖಾರ ಅದರಲ್ಲಿ ನಿಜಕ್ಕೂ ಇದೆ. ಮಾಂಸ ತಿನ್ನದವರು ಎರಡು ಪ್ರಶ್ನೆ ಕೇಳಿ: ಕೊಲೊರಾಡೊದ ‘ಗ್ರೀನ್ ಚಿಲಿ’ಗೆ ಸಾಮಾನ್ಯವಾಗಿ ಹಂದಿಮಾಂಸ ಹಾಕುತ್ತಾರೆ, ಬೀನ್ಸ್‌ಗೆ ಹಂದಿಕೊಬ್ಬು. ಕೇಳಿದರೆ ಆಕೆ ಬೇರೆ ಪಾತ್ರೆಯಲ್ಲಿ ಸುಟ್ಟ ಮೆಣಸು, ಟೊಮೆಟೊ, ಈರುಳ್ಳಿ ಅರೆದು ಕೊಡುತ್ತಾರೆ, ಬೇಸರವಿಲ್ಲದೆ. ಎರಡು ಕಟ್ಟಿಸಿಕೊಂಡು ಒಂದನ್ನು ಜಾಕೆಟ್‌ನೊಳಗೆ ಮೈಗೆ ತಾಗುವಂತೆ ಇಟ್ಟುಕೊಂಡರೆ ಹನ್ನೊಂದು ಗಂಟೆಗೂ ಬೆಚ್ಚಗಿರುತ್ತದೆ. ಊರಿನ ದುಬಾರಿ ಸ್ಟೇಕ್ ಹೋಟೆಲಿನಲ್ಲಿ ಮಾಂಸ ತಿನ್ನದವರಿಗೆ ಸಿಗುವುದು ಉಪ್ಪಿಲ್ಲದ ಸೊಪ್ಪು.

ವಾಪಸು ಹೊರಡುವ ಹಿಂದಿನ ರಾತ್ರಿ ಜಾಕೆಟ್, ಪ್ಯಾಂಟು, ಚೀಲಗಳ ಪ್ರತಿ ಕಿಸೆಯನ್ನೂ ಒಳಗೆ ಹೊರಗೆ ಮಾಡಿ ಕೊಡವಿ. ಒಂದು ತೋಟಾ ಯಾವುದೋ ಮಡಿಕೆಯಲ್ಲಿ ಉಳಿದಿರುತ್ತದೆ. ಖಾಲಿ ಕೋಶವನ್ನೂ ನೆನಪಿಗೆಂದು ಇಟ್ಟುಕೊಳ್ಳಬೇಡಿ. ಅದೇ ಚೀಲ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗುವ ವಿಮಾನ ಹತ್ತುತ್ತದೆ. ಭಾರತದ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ಜೀವಂತ ತೋಟಾ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಬೀಳಬಹುದು. ಬೇಟೆಗೆ ಒಯ್ದ ಚೀಲವನ್ನು ಬೇಟೆಗೇ ಮೀಸಲಿಟ್ಟು, ಊರಿಗೆ ಹೋಗುವಾಗ ಬೇರೆಯದನ್ನು ಒಯ್ಯಿರಿ.